ಬಿಎಸ್ಸಿ ಫಿಸಿಕ್ಸ್‌ನಿಂದ ಕ್ಯಾನ್ಸರ್ ಆಸ್ಪತ್ರೆಗೆ ದಾರಿ: ಕಾಂಬಿನೇಷನ್ ಆಯ್ಕೆಯಲ್ಲಿ ಎಡವಬೇಡಿ

ಕೊಟ್ಟೂರು: ಬಿಎಸ್ಸಿ ಫಿಸಿಕ್ಸ್ ಓದಿದ್ರೆ ಮೇಷ್ಟ್ರಾಗೋದು, ಇಲ್ಲಾಂದ್ರೆ ಬ್ಯಾಂಕ್ ಪರೀಕ್ಷೆ ಬರೆಯೋದು ಅಂತ ಹೇಳೋರೇ ಜಾಸ್ತಿ. ಆದರೆ ಅದೇ ಫಿಸಿಕ್ಸ್ ಓದಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೆಡಿಕಲ್ ಫಿಸಿಸಿಸ್ಟ್ ಆಗಬಹುದು. ಇದಕ್ಕೆ ನೀಟ್ ಬೇಕಿಲ್ಲ. ಡಿಗ್ರಿ ಸೇರುವ ದಿನ ಸರಿಯಾದ ಕಾಂಬಿನೇಷನ್ ಬರೆಸುವುದು ಮುಖ್ಯ.

ಏನು ಕೆಲಸ?
ರೋಗಿಗೆ ಎಷ್ಟು ವಿಕಿರಣ ಕೊಡಬೇಕು ಅಂತ ಹೇಳೋರು ವೈದ್ಯರು. ಅಷ್ಟೇ ವಿಕಿರಣ, ಗಡ್ಡೆ ಇರುವ ಜಾಗಕ್ಕೇ ಬೀಳುವಂತೆ ಲೆಕ್ಕ ಹಾಕಿ, ಯಂತ್ರ ಅಳೆದು ನೋಡೋರು ಫಿಸಿಸಿಸ್ಟ್. ಉದಾಹರಣೆಗೆ, ಕೋಬಾಲ್ಟ್-60 ಮೂಲದ ಶಕ್ತಿ ಸುಮಾರು 5.27 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಅದಕ್ಕೆ ತಕ್ಕಂತೆ ಚಿಕಿತ್ಸೆಯ ಸಮಯ ಹೆಚ್ಚಿಸಬೇಕು. ಲೆಕ್ಕ ತಪ್ಪಿದರೆ ಗಡ್ಡೆ ಉಳಿಯುತ್ತದೆ, ಇಲ್ಲವೇ ಪಕ್ಕದ ಅಂಗಕ್ಕೆ ಪೆಟ್ಟು.

ಯಾವ ವಿಷಯ ತಗೋಬೇಕು?
2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ 3 ವರ್ಷ, 3 ಮುಖ್ಯ ವಿಷಯ. ಫಿಸಿಕ್ಸ್ ಮತ್ತು ಮ್ಯಾಥ್ಸ್ ಎರಡೂ ಇರಲಿ. ಮೂರನೆಯದು ಕೆಮಿಸ್ಟ್ರಿ, ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಸೈನ್ಸ್ ಆಗಬಹುದು. ಆಸ್ಪತ್ರೆ ಕೆಲಸ ಅಂತ ಬಯಾಲಜಿಗಾಗಿ ಮ್ಯಾಥ್ಸ್ ಬಿಡಬೇಡಿ. ಅನಾಟಮಿ, ಫಿಸಿಯಾಲಜಿಯನ್ನು ಮುಂದೆ ಎಂಎಸ್ಸಿಯಲ್ಲೇ ಕಲಿಸುತ್ತಾರೆ. ಫಿಸಿಕ್ಸ್ ಇಲ್ಲದ ಸಿಬಿಝಡ್ ತಗೊಂಡರೆ ಈ ಬಾಗಿಲು ಅಲ್ಲಿಗೇ ಮುಚ್ಚಿತು.

ಡಿಗ್ರಿಯಲ್ಲಿ ಪರಮಾಣು ಮತ್ತು ನ್ಯೂಕ್ಲಿಯರ್ ಫಿಸಿಕ್ಸ್, ವಿದ್ಯುತ್ಕಾಂತತ್ವ, ಎಲೆಕ್ಟ್ರಾನಿಕ್ಸ್, ಸ್ಟ್ಯಾಟಿಸ್ಟಿಕ್ಸ್ ಗಟ್ಟಿ ಮಾಡಿಕೊಳ್ಳಬೇಕು. ಲ್ಯಾಬ್‌ನಲ್ಲಿ ಜಿಎಂ ಕೌಂಟರ್ ಪ್ರಯೋಗ ಇದ್ದರೆ ತಪ್ಪಿಸಬೇಡಿ.

ಮುಂದೆ ಎರಡು ದಾರಿ
1. ಬಿಎಸ್ಸಿ ಮುಗಿಸಿ ನೇರವಾಗಿ ಮೆಡಿಕಲ್ ಅಥವಾ ರೇಡಿಯೇಷನ್ ಫಿಸಿಕ್ಸ್ ಎಂಎಸ್ಸಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಈ ಕೋರ್ಸ್ ಇದೆ.
2. ಸಾಮಾನ್ಯ ಫಿಸಿಕ್ಸ್ ಎಂಎಸ್ಸಿ ಮಾಡಿ, ಆಮೇಲೆ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ 1 ವರ್ಷದ ಡಿಪ್ಲೊಮಾ ಹೆಸರುವಾಸಿ.

ಎರಡರಲ್ಲೂ ರೇಡಿಯೋಥೆರಪಿ ವಿಭಾಗದಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ. ಅಂದರೆ ಪಿಯುಸಿ ನಂತರ 6-7 ವರ್ಷ ಬೇಕು. ಖರ್ಚಿನ ಲೆಕ್ಕ ಈಗಲೇ ಹಾಕಿಕೊಳ್ಳುವುದು ಒಳ್ಳೇದು.

ಹಣ ಕಟ್ಟುವ ಮುನ್ನ
- ಮೆಡಿಕಲ್ ಫಿಸಿಸಿಸ್ಟ್ ಅರ್ಹತೆ ನಿಗದಿ ಮಾಡೋದು ಅಣುಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ). ಕೋರ್ಸ್ ಅದರ ನಿಯಮಕ್ಕೆ ಹೊಂದುತ್ತದಾ ಅಂತ ಕೇಳಿ.
- ಬಿಎಸ್ಸಿ ರೇಡಿಯೋಥೆರಪಿ ಟೆಕ್ನಾಲಜಿ ಬೇರೆ. ಅದು ಯಂತ್ರ ನಡೆಸುವ ಟೆಕ್ನಾಲಜಿಸ್ಟ್ ಹುದ್ದೆಗೆ. ಹೆಸರು ನೋಡಿ ಮೋಸ ಹೋಗಬೇಡಿ.
- ಒಳ್ಳೆ ಕೋರ್ಸ್‌ಗಳು ಡಿಗ್ರಿಯ ಅಂಕ ನೋಡುತ್ತವೆ. ಮೊದಲ ಸೆಮಿಸ್ಟರ್‌ನಿಂದಲೇ ಶೇ 60ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ.

ಗೆಳೆಯರು ಸೇರಿದರು ಅಂತ ಯಾವುದೋ ಕಾಂಬಿನೇಷನ್ ಬರೆಸಿದರೆ, ಅದು ತಪ್ಪು ಅಂತ ಗೊತ್ತಾಗೋದು 3 ವರ್ಷ ಆದ ಮೇಲೆ. ಅರ್ಜಿ ತುಂಬುವ ಮುನ್ನ ಕಾಲೇಜಿನ ಫಿಸಿಕ್ಸ್ ಉಪನ್ಯಾಸಕರನ್ನು ಒಮ್ಮೆ ಕೇಳಿ.