ಇಪ್ಪತ್ತನಾಲ್ಕು ಗಂಟೆಯ ಓಟಕ್ಕೆ ಅಳತೆಗೋಲು

ಫ್ರಾನ್ಸಿನ ಲೆ ಮಾನ್ ಪಟ್ಟಣದಲ್ಲಿ ವರ್ಷಕ್ಕೊಮ್ಮೆ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಮೋಟಾರು ಪಂದ್ಯದ ಫಲಿತಾಂಶವನ್ನು ಮೊದಲ ಸಲ ಓದಿದವರು ಕೊಂಚ ತಬ್ಬಿಬ್ಬಾಗುವುದು ಸಹಜ. ಓಡಿದ್ದು ಒಂದೇ ದಾರಿಯಲ್ಲಿ, ಹೊರಟದ್ದು ಒಂದೇ ಹೊತ್ತಿಗೆ. ಆದರೂ ಗೆದ್ದ ಕಾರುಗಳು ಮೂರು! ಕುಸ್ತಿಯಲ್ಲಿ ಹಗುರ ಮೈಯವನನ್ನೂ ಭಾರಿ ಮೈಯವನನ್ನೂ ಒಂದೇ ಜೋಡಿಗೆ ಹಾಕುವುದಿಲ್ಲ. ಅವರವರ ತೂಕದವರೊಡನೆ ಬೇರೆ ಬೇರೆಯಾಗಿ ಸೆಣಸುತ್ತಾರೆ. ಇಲ್ಲಾದರೋ ಎಲ್ಲರನ್ನೂ ಒಂದೇ ಕಣಕ್ಕೆ ಬಿಟ್ಟು, ಲೆಕ್ಕವನ್ನು ಮಾತ್ರ ಬೇರೆ ಬೇರೆ ಪುಸ್ತಕದಲ್ಲಿ ಬರೆಯುತ್ತಾರೆ. ಈ ವಿಚಿತ್ರ ಪದ್ಧತಿಯ ಹಿಂದೆ ನೂರು ವರ್ಷಗಳ ಒಂದು ಜಗಳವಿದೆ. ಸಣ್ಣದನ್ನು ದೊಡ್ಡದರೊಡನೆ ಹೋಲಿಸಲು ನ್ಯಾಯವಾದ ಅಳತೆ ಯಾವುದು ಎಂಬುದೇ ಆ ಜಗಳ.

ಪಂದ್ಯ ಮೊದಲಾದದ್ದು ೧೯೨೩ರ ಮೇ ೨೬ರಂದು. ಅದನ್ನು ಯೋಚಿಸಿದವರು ಮೂವರು: ಅಲ್ಲಿನ ಮೋಟಾರು ಸಂಘದ ಕಾರ್ಯದರ್ಶಿ ಜಾರ್ಜ್ ದ್ಯುರಾನ್, ಪತ್ರಕರ್ತ ಷಾರ್ಲ್ ಫಾರೂ, ರಡ್ಜ್-ವಿಟ್‌ವರ್ತ್ ಚಕ್ರದ ಕಂಪನಿಯ ಎಮಿಲ್ ಕೊಕೀ. ಬರಿಯ ವೇಗ ಅವರಿಗೆ ಬೇಕಾಗಿರಲಿಲ್ಲ. ಊರಿಂದೂರಿಗೆ ಸಂಸಾರ ಸಮೇತ ಪ್ರಯಾಣ ಮಾಡುವ ಸಾಮಾನ್ಯ ಕಾರು ಹಗಲಿನ ಬಿಸಿಲನ್ನೂ ಇರುಳಿನ ಕತ್ತಲನ್ನೂ ತಡೆದೀತೆ, ಅದರ ದೀಪಗಳು ಬೆಳಗಿನವರೆಗೆ ಉರಿದಾವೆ ಎಂಬುದನ್ನು ಪರೀಕ್ಷಿಸುವುದು ಅವರ ಉದ್ದೇಶ. ಅಂದು ಮಳೆ ಸುರಿಯುತ್ತಿದ್ದಿತು. ಸುಮಾರು ೧೭ ಕಿಲೋಮೀಟರಿನ ಸುತ್ತುದಾರಿಯಲ್ಲಿ ೩೩ ಕಾರುಗಳು ಹೊರಟು, ೩೦ ಕಾರುಗಳು ಕೊನೆಯವರೆಗೆ ನಿಂತವು. ಷೆನಾರ್-ವಾಲ್ಕೆರ್ ಕಾರಿನಲ್ಲಿ ಲಗಾಷ್ ಮತ್ತು ಲೆಯೊನಾರ್ ಎಂಬ ಇಬ್ಬರು ಸರದಿಯ ಮೇಲೆ ಕುಳಿತು ೨,೨೦೯ ಕಿಲೋಮೀಟರು ಓಡಿಸಿದರು.

ಅವರನ್ನು ಇಂದು ಮೊದಲ ವಿಜೇತರೆಂದು ಎಣಿಸುತ್ತೇವೆ. ಆದರೆ ಏರ್ಪಾಡು ಮಾಡಿದವರ ಮನಸ್ಸಿನಲ್ಲಿ ಅಂತಹ ವಿಜೇತರೇ ಇರಲಿಲ್ಲ! ಅವರು ಪ್ರತಿಯೊಂದು ಕಾರಿಗೂ ಅದರ ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ಇಷ್ಟು ದೂರ ಎಂದು ಗೊತ್ತುಮಾಡಿದ್ದರು. ಸಣ್ಣ ಎಂಜಿನ್ನಿಗೆ ಕಡಮೆ, ದೊಡ್ಡದಕ್ಕೆ ಹೆಚ್ಚು. ತನ್ನ ಪಾಲಿನ ದೂರವನ್ನು ಮುಟ್ಟಿದ ಕಾರು ಮುಂದಿನ ವರ್ಷದ ಪರೀಕ್ಷೆಗೆ ಅರ್ಹ. ಮೂರು ವರ್ಷಗಳ ಲೆಕ್ಕವೆಲ್ಲ ಮುಗಿದ ಮೇಲೆ ಒಂದು ಬಟ್ಟಲು ಬಹುಮಾನ. ಬೇಲಿಯ ಬಳಿ ಕೊಡೆ ಹಿಡಿದು ನಿಂತ ಜನಕ್ಕೆ ಈ ಗಣಿತ ಬೇಕಾಗಿರಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: ಎಲ್ಲರಿಗಿಂತ ಮುಂದೆ ಹೋದವರು ಯಾರು? ಜನದ ಪ್ರಶ್ನೆ, ಪಂಡಿತರ ಲೆಕ್ಕ, ಇವೆರಡೂ ಅಂದೇ ಬೇರೆ ಬೇರೆ ದಾರಿ ಹಿಡಿದವು.

ಎಂಜಿನ್ನಿನ ಗಾತ್ರವೆಂದರೇನು ಎಂಬುದನ್ನು ಇಲ್ಲಿ ಹೇಳಿಬಿಡುವುದು ಮೇಲು. ಸಿಲಿಂಡರು ಎಂದರೆ ಒಂದು ಗಟ್ಟಿ ಕೊಳವೆ. ಅದರೊಳಗೆ ಪಿಸ್ಟನ್ ಎಂಬ ಬಿರಡೆ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಬಿರಡೆ ಕೆಳಗಿಳಿದಾಗ ಗಾಳಿಯೂ ಪೆಟ್ರೋಲೂ ಒಳಕ್ಕೆ ಬರುತ್ತವೆ. ಮೇಲೇರಿ ಅವನ್ನು ಒತ್ತಿದಾಗ ಕಿಡಿ ತಾಗಿ ಸ್ಫೋಟವಾಗುತ್ತದೆ. ಆ ಹೊಡೆತವೇ ಚಕ್ರವನ್ನು ತಿರುಗಿಸುವ ಶಕ್ತಿ. ಬಿರಡೆ ಒಂದು ಸಲ ಇಳಿದಾಗ ತೆರವಾಗುವ ಜಾಗವನ್ನು ಅಳೆದು, ಎಲ್ಲ ಸಿಲಿಂಡರುಗಳ ಅಳತೆಯನ್ನೂ ಕೂಡಿಸಿದರೆ ಬರುವುದೇ ಎಂಜಿನ್ನಿನ ಗಾತ್ರ. ಮೂರು ಲೀಟರಿನ ಎಂಜಿನ್ ಎಂದರೆ ಅಷ್ಟು ಹಿಡಿಯುವ ಪಾತ್ರೆ ಎಂದೇ ಅರ್ಥ. ಪಾತ್ರೆ ದೊಡ್ಡದಾದಷ್ಟೂ ಉರಿಯುವ ವಸ್ತು ಹೆಚ್ಚು, ಶಕ್ತಿಯೂ ಹೆಚ್ಚು. ಆದುದರಿಂದ ಲೀಟರಿನ ಲೆಕ್ಕದಲ್ಲಿ ವರ್ಗ ಮಾಡುವುದು ಮೊದಲಿಗೆ ಸರಳವಾಗಿಯೂ ನ್ಯಾಯವಾಗಿಯೂ ಕಂಡಿತು.

ಇಂಗ್ಲೆಂಡಿನ ಬೆಂಟ್ಲಿ ಕಾರುಗಳು ೧೯೨೪ರಲ್ಲಿ ಒಮ್ಮೆ, ೧೯೨೭ರಿಂದ ೧೯೩೦ರವರೆಗೆ ಎಡೆಬಿಡದೆ ನಾಲ್ಕು ಸಲ ಗೆದ್ದವು. ಮೂರು ಲೀಟರಿನಿಂದ ಮೊದಲಾದ ಅವುಗಳ ಎಂಜಿನ್ ಕೊನೆಗೆ ಆರೂವರೆ ಲೀಟರಿಗೆ ಬೆಳೆದಿತ್ತು. ಫ್ರಾನ್ಸಿನ ಜಾಣತನ ಬೇರೆ ಕಡೆ ಹರಿಯಿತು. ಎರಡನೆಯ ಮಹಾಯುದ್ಧದ ಅನಂತರ ಅವರ ಪಾನ್ಹಾರ್ ಎಂಜಿನ್ನುಗಳು ಎರಡೇ ಸಿಲಿಂಡರಿನವು. ಮುಕ್ಕಾಲು ಲೀಟರೂ ತುಂಬದ ಪುಟ್ಟ ಯಂತ್ರಗಳು. ಗಾತ್ರಕ್ಕೆ ತಕ್ಕ ಸಾಧನೆಯ ಸೂಚ್ಯಂಕವೆಂಬ ಬಹುಮಾನದಲ್ಲಿ ಮಾತ್ರ ಇವು ಮತ್ತೆ ಮತ್ತೆ ಮೇಲುಗೈ ಪಡೆದವು. ಆನೆಯ ನಡಿಗೆಯ ಪಕ್ಕದಲ್ಲಿ ಇರುವೆಯ ನಡಿಗೆಯನ್ನೂ ಗೌರವಿಸುವ ಪದ್ಧತಿ ಅದು.

ಆದರೆ ಆನೆಯೂ ಇರುವೆಯೂ ಒಂದೇ ದಾರಿಯಲ್ಲಿ ನಡೆದರೆ ಅಪಾಯವಿಲ್ಲದೆ ಇಲ್ಲ. ೧೯೫೫ರ ಜೂನ್ ೧೧ರ ಸಂಜೆ ಆ ಅಪಾಯ ಎಲ್ಲರ ಕಣ್ಣ ಮುಂದೆ ನಡೆದುಹೋಯಿತು. ಮುಂದಿದ್ದ ಜಾಗ್ವಾರ್ ಕಾರು ಪೆಟ್ರೋಲು ತುಂಬಿಸುವ ಕಟ್ಟೆಯ ಕಡೆಗೆ ವೇಗ ತಗ್ಗಿಸಿತು. ಅದರ ಹಿಂದೆ ಇದ್ದ, ಅದಕ್ಕಿಂತ ನಿಧಾನದ ಆಸ್ಟಿನ್-ಹೀಲಿ ಎಡಕ್ಕೆ ಹೊರಳಿತು. ಹಿಂದಿನಿಂದ ಬಿರುಸಾಗಿ ಬರುತ್ತಿದ್ದ ಪಿಯೆರ್ ಲೆವೆ ಅವರ ಮರ್ಸಿಡಿಸ್ ಅದಕ್ಕೆ ತಾಗಿ ಮೇಲಕ್ಕೆ ಎಗರಿ, ದಡದ ದಿಣ್ಣೆಗೆ ಬಡಿದು ಒಡೆದು, ಅದರ ಚೂರುಗಳು ಜನರ ಗುಂಪಿನ ಮೇಲೆ ಎರಗಿದವು. ಸತ್ತವರು ಎಂಬತ್ತಕ್ಕೂ ಹೆಚ್ಚು ಮಂದಿ. ಲೆವೆ ಅವರೂ ಉಳಿಯಲಿಲ್ಲ. ಪಂದ್ಯವನ್ನು ನಿಲ್ಲಿಸಲಿಲ್ಲ. ನಡುರಾತ್ರಿ ಕಳೆದ ಮೇಲೆ ಮರ್ಸಿಡಿಸ್ ತಂಡ ತನ್ನ ಉಳಿದ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡು ಹೊರಟುಹೋಯಿತು. ದಾರಿ ಕಿರಿದಾಗಿದ್ದುದು, ಕಟ್ಟೆಗೆ ಬರುವ ಕಾರುಗಳಿಗೆ ಪ್ರತ್ಯೇಕ ಜಾಗವಿಲ್ಲದಿದ್ದುದು, ವೇಗವೇಗಗಳ ನಡುವಣ ಅಂತರ, ಎಲ್ಲವೂ ಸೇರಿ ಆದ ಅನಾಹುತವದು. ಮರುವರ್ಷ ಕಟ್ಟೆಗಳನ್ನೂ ದಾರಿಯನ್ನೂ ಹೊಸದಾಗಿ ಕಟ್ಟಿದರು. ಮಾದರಿ ಕಾರುಗಳ ಎಂಜಿನ್ ಎರಡೂವರೆ ಲೀಟರು ಮೀರಬಾರದೆಂದು ವಿಧಿಸಿದರು. ಅಲ್ಲಿಂದ ಮುಂದೆ ಗಾತ್ರದ ನಿಯಮಕ್ಕೆ ಎರಡು ಕೆಲಸ: ನ್ಯಾಯವನ್ನು ಕಾಯುವುದು, ಪ್ರಾಣವನ್ನು ಕಾಯುವುದು.

ನ್ಯಾಯದ ತಕ್ಕಡಿ ಹಿಡಿದವರ ಕೈ ಯಾವ ಕಡೆ ವಾಲುತ್ತದೆ ಎಂಬ ಅನುಮಾನ ಮಾತ್ರ ಉಳಿದೇ ಇತ್ತು. ೧೯೬೨ರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ತಮ್ಮ ಹಗುರವಾದ ಲೋಟಸ್ ೨೩ ಕಾರುಗಳನ್ನು ತಂದರು. ಅವುಗಳ ಎಂಜಿನ್ ಒಂದು ಲೀಟರಿಗೂ ಒಳಗೆ. ಸೂಚ್ಯಂಕದ ಬಹುಮಾನ ಫ್ರೆಂಚರ ಕೈತಪ್ಪುವ ಸಂಭವವಿತ್ತು. ತಪಾಸಣೆಗಾರರು ಕಾರನ್ನು ನೋಡಿ, ಮುಂದಿನ ಚಕ್ರಕ್ಕೆ ನಾಲ್ಕು ಬೋಲ್ಟು, ಹಿಂದಿನದಕ್ಕೆ ಆರು; ಒಂದೇ ಹೆಚ್ಚುವರಿ ಚಕ್ರ ಎರಡಕ್ಕೂ ಹೊಂದದು, ಕೂಡದು ಎಂದರು. ಚಾಪ್‌ಮನ್ ಹಿಂದಿನ ಚಕ್ರಕ್ಕೂ ನಾಲ್ಕೇ ಬೋಲ್ಟು ಇರುವಂತೆ ಮಾಡಿಸಿ ತಂದರು. ಆರು ಬೇಕೆಂದು ರಚಿಸಿದ ಕಡೆ ನಾಲ್ಕು ಹಾಕಿದರೆ ಸುರಕ್ಷಿತವಲ್ಲ ಎಂದು ಆಗಲೂ ಹಿಂದಕ್ಕೆ ಕಳಿಸಿದರು! ಇನ್ನು ಲೆ ಮಾನ್‌ಗೆ ಕಾಲಿಡುವುದಿಲ್ಲವೆಂದು ಚಾಪ್‌ಮನ್ ಶಪಥ ಮಾಡಿದರು. ೧೯೮೨ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ತಂಡವನ್ನು ಅಲ್ಲಿಗೆ ಕಳಿಸಲಿಲ್ಲ.

ಅತ್ತ ಅಮೆರಿಕದ ಫೋರ್ಡ್ ಕಂಪನಿ ಏಳು ಲೀಟರಿನ ಎಂಜಿನ್ನಿನೊಡನೆ ಬಂದು ೧೯೬೬ರಲ್ಲಿ ಮೊದಲ ಮೂರು ಸ್ಥಾನಗಳನ್ನೂ ಬಾಚಿಕೊಂಡಿತು. ಕೊನೆಯಲ್ಲಿ ಎರಡು ಕಾರುಗಳು ಜೊತೆಜೊತೆಯಾಗಿ ಗೆರೆ ದಾಟಿದವು. ಹಿಂದಿನ ಸ್ಥಾನದಿಂದ ಹೊರಟಿದ್ದ ಮೆಕ್‌ಲಾರೆನ್ ಮತ್ತು ಆಮನ್ ಅವರ ಕಾರು ಕೆಲವೇ ಮೀಟರು ಹೆಚ್ಚು ಓಡಿದಂತಾಯಿತೆಂದು ಅವರಿಗೇ ಜಯ ಸಂದಿತು. ಇಷ್ಟು ದೈತ್ಯ ಎಂಜಿನ್ನುಗಳನ್ನು ತಡೆಯಲು ೧೯೬೮ರಲ್ಲಿ ಮತ್ತೊಂದು ಕಟ್ಟಳೆ ಬಂದಿತು: ಮಾದರಿ ಕಾರಿಗೆ ಮೂರು ಲೀಟರು; ಐವತ್ತು ಕಾರುಗಳನ್ನಾದರೂ ತಯಾರಿಸಿದವರಿಗೆ ಐದು ಲೀಟರು. ಮರುವರ್ಷ ಈ ಐವತ್ತನ್ನು ಇಪ್ಪತ್ತೈದಕ್ಕೆ ಇಳಿಸಿದರು. ಇಷ್ಟು ಖರ್ಚಿನ ಕಾರನ್ನು ಇಪ್ಪತ್ತೈದು ಯಾರು ಮಾಡಿಯಾರು ಎಂದು ನಿಯಮ ಬರೆದವರು ನೆಮ್ಮದಿಯಿಂದ ಇದ್ದಿರಬೇಕು. ೧೯೬೯ರ ಏಪ್ರಿಲಿನಲ್ಲಿ ಜರ್ಮನಿಯ ಪೋರ್ಷೆ ಕಂಪನಿ ಹನ್ನೆರಡು ಸಿಲಿಂಡರಿನ ೯೧೭ ಕಾರುಗಳನ್ನು, ಎಣಿಸಿ ಇಪ್ಪತ್ತೈದನ್ನು, ಕಾರ್ಖಾನೆಯ ಮುಂದೆ ಸಾಲಾಗಿ ನಿಲ್ಲಿಸಿ ತಪಾಸಣೆಗಾರರನ್ನು ಕರೆಯಿತು. ೧೯೭೧ರಲ್ಲಿ ಅಂತಹದೊಂದು ಕಾರು ಓಡಿದ ೫,೩೩೫ ಕಿಲೋಮೀಟರು ದೂರವನ್ನು ೨೦೧೦ರವರೆಗೆ ಯಾರೂ ಮೀರಲಿಲ್ಲ. ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವ ಜಾಣತನ ನಮ್ಮಲ್ಲಿ ಮಾತ್ರವಲ್ಲ!

ಅಷ್ಟರಲ್ಲಿ ಲೀಟರೆಂಬ ಅಳತೆಯೇ ಸಡಿಲವಾಗತೊಡಗಿತು. ಕಾರಣ, ಟರ್ಬೊ ಎಂಬ ಉಪಾಯ. ಎಂಜಿನ್ ಹೊರಕ್ಕೆ ಉಗುಳುವ ಹೊಗೆಯ ರಭಸದಿಂದಲೇ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದರಿಂದ ಹೊರಗಿನ ಗಾಳಿಯನ್ನು ಸಿಲಿಂಡರಿಗೆ ಒತ್ತಿ ತುಂಬುವುದು ಇದರ ಗುಟ್ಟು. ಪಾತ್ರೆ ಅಷ್ಟೇ, ಅದರಲ್ಲಿ ಅದುಮಿ ತುಂಬಿದ ಧಾನ್ಯ ಮಾತ್ರ ಹೆಚ್ಚು. ಆದುದರಿಂದ ಟರ್ಬೊ ಎಂಜಿನ್ನಿನ ಗಾತ್ರವನ್ನು ೧.೪ರಿಂದ ಗುಣಿಸಿ ಲೆಕ್ಕ ಹಿಡಿದರು. ಪೋರ್ಷೆಯವರು ೨,೧೪೨ ಘನ ಸೆಂಟಿಮೀಟರಿನ ಎಂಜಿನ್ ತಯಾರಿಸಿದರು. ಗುಣಿಸಿದರೆ ಮೂರು ಲೀಟರಿಗೆ ಕೂದಲೆಳೆಯಷ್ಟು ಕಡಮೆ! ೧೯೭೬ರಲ್ಲಿ ಗೆದ್ದ ಮೊದಲ ಟರ್ಬೊ ಕಾರು ಅದೇ.

೧೯೮೨ರಲ್ಲಿ ಪಂಡಿತರು ಪಾತ್ರೆಯನ್ನು ಅಳೆಯುವುದನ್ನೇ ಬಿಟ್ಟರು. ಗುಂಪು 'ಸಿ' ಎಂಬ ಹೊಸ ವರ್ಗದಲ್ಲಿ ಎಂಜಿನ್ ಎಷ್ಟು ದೊಡ್ಡದಾದರೂ ಇರಲಿ, ಹೇಗಾದರೂ ಇರಲಿ. ಸಾವಿರ ಕಿಲೋಮೀಟರಿಗೆ ೬೦೦ ಲೀಟರು ಇಂಧನ, ಅದಕ್ಕಿಂತ ಒಂದು ತೊಟ್ಟೂ ಇಲ್ಲ ಎಂದರು. ಪಾತ್ರೆಯ ಬದಲು ಊಟವನ್ನೇ ಅಳೆದಂತಾಯಿತು. ಇದರ ಫಲ ಸೊಗಸಾಗಿತ್ತು. ಪೋರ್ಷೆಯ ಆರು ಸಿಲಿಂಡರಿನ ಸಣ್ಣ ಟರ್ಬೊ ಎಂಜಿನ್ ಆರು ವರ್ಷ ಸಾಲಾಗಿ ಗೆದ್ದಿತು. ೧೯೮೮ರಲ್ಲಿ ಟರ್ಬೊ ಇಲ್ಲದ ಏಳು ಲೀಟರಿನ ಜಾಗ್ವಾರ್. ೧೯೮೯ರಲ್ಲಿ ಐದು ಲೀಟರಿನ ಟರ್ಬೊ ಇದ್ದ ಸೌಬರ್-ಮರ್ಸಿಡಿಸ್. ೧೯೯೧ರಲ್ಲಿ ಜಪಾನಿನ ಮಾಜ್ದಾ. ಅದರ ಎಂಜಿನ್ನಿನಲ್ಲಿ ಏರಿಳಿಯುವ ಬಿರಡೆಯೇ ಇಲ್ಲ; ತ್ರಿಕೋನದಂತಹ ನಾಲ್ಕು ಬಿಲ್ಲೆಗಳು ಗೂಡಿನೊಳಗೆ ಸುತ್ತುತ್ತವೆ. ಹಳೆಯ ಮಾದರಿಯ ಇತರ ದೊಡ್ಡ ಕಾರುಗಳಿಗೆ ೧,೦೦೦ ಕಿಲೋ ತೂಕ ಕಡ್ಡಾಯವಾಗಿದ್ದಾಗ ಮಾಜ್ದಾಗೆ ೮೩೦ ಕಿಲೋ ಸಾಕೆಂದು ಒಪ್ಪಿದ್ದರು. ಗೆಲ್ಲಲಾರದವನಿಗೆ ತೋರಿದ ದಾಕ್ಷಿಣ್ಯವೇ ಅವನಿಗೆ ಗೆಲುವನ್ನು ತಂದಿತು.

ಆ ಎಂಜಿನ್ ಗೆದ್ದಿತೆಂಬ ಹೊಟ್ಟೆಕಿಚ್ಚಿನಿಂದಲೇ ಅದನ್ನು ನಿಷೇಧಿಸಿದರು ಎಂಬ ಕಥೆ ಪ್ರಚಾರದಲ್ಲಿದೆ. ಅದು ನಿಜವಲ್ಲ. ಎಲ್ಲರಿಗೂ ಮೂರೂವರೆ ಲೀಟರಿನ ಪಿಸ್ಟನ್ ಎಂಜಿನ್ನೇ ಇರಬೇಕೆಂಬ ತೀರ್ಮಾನ ಆ ಗೆಲುವಿಗಿಂತ ಮೊದಲೇ ಆಗಿತ್ತು. ಆ ತೀರ್ಮಾನದ ಫಲವನ್ನು ನೋಡಿರಿ: ಖರ್ಚು ತಾಳಲಾರದೆ ತಂಡಗಳು ಚದರಿದವು, ೧೯೯೨ರಲ್ಲಿ ಲೆ ಮಾನ್‌ನಲ್ಲಿ ಹೊರಟದ್ದು ಬರಿಯ ೨೮ ಕಾರುಗಳು, ಆ ವರ್ಷದ ಕೊನೆಗೆ ವಿಶ್ವ ಚಾಂಪಿಯನ್‌ಷಿಪ್ಪೇ ನಿಂತುಹೋಯಿತು. ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುವುದೇ ಸಮಾನತೆ ಎಂದುಕೊಂಡವರಿಗೆ ಸಿಕ್ಕಿದ್ದು ಖಾಲಿ ಮೈದಾನ.

ಅಂದಿನಿಂದ ಮತ್ತೆ ವೈವಿಧ್ಯಕ್ಕೆ ಬಾಗಿಲು ತೆರೆಯಿತು. ೨೦೦೬ರಲ್ಲಿ ಔಡಿ ಕಂಪನಿಯ ಡೀಸೆಲ್ ಎಂಜಿನ್ ಗೆದ್ದಿತು. ೨೦೧೨ರಲ್ಲಿ ಅದೇ ಕಂಪನಿಯ ಮತ್ತೊಂದು ಕಾರು ಬ್ರೇಕು ಹಿಡಿದಾಗ ವ್ಯರ್ಥವಾಗುವ ಶಕ್ತಿಯನ್ನು ಕೂಡಿಟ್ಟು, ವಿದ್ಯುತ್ತಾಗಿ ಮುಂದಿನ ಚಕ್ರಗಳಿಗೆ ಕೊಟ್ಟು ಜಯ ಪಡೆಯಿತು. ಅದೇ ವರ್ಷ ಚೆನ್ನೈಯ ಕರುಣ್ ಚಂಧೋಕ್ ಅಲ್ಲಿ ಓಡಿಸಿದ ಮೊದಲ ಭಾರತೀಯರಾಗಿ ಆರನೆಯ ಸ್ಥಾನಕ್ಕೆ ಬಂದ ತಂಡದಲ್ಲಿದ್ದರು. ೨೦೧೯ರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಎರಡನೆಯ ವರ್ಗದಲ್ಲಿ ಓಡಿಸಿದರು.

ಇಂದಿನ ವರ್ಗಗಳು ಮೂರು. ಮೊದಲನೆಯದು ಹೈಪರ್‌ಕಾರ್, ದೊಡ್ಡ ಕಂಪನಿಗಳ ಕಣ. ೨೦೨೩ರಿಂದ ೨೦೨೫ರವರೆಗೆ ಮೂರು ಸಲವೂ ಗೆದ್ದದ್ದು ಫೆರಾರಿ. ಎರಡನೆಯ ವರ್ಗದಲ್ಲಿ ಎಲ್ಲರಿಗೂ ಒಂದೇ ಕಂಪನಿಯ ೪.೨ ಲೀಟರಿನ, ಎಂಟು ಸಿಲಿಂಡರಿನ ಎಂಜಿನ್. ಮೂರನೆಯದರಲ್ಲಿ ಅಂಗಡಿಯಲ್ಲಿ ದೊರೆಯುವ ಕಾರನ್ನೇ ಪಂದ್ಯಕ್ಕೆ ಹದಗೊಳಿಸಿರುತ್ತಾರೆ. ಅಲ್ಲಿ ಪ್ರತಿ ಕಾರಿನಲ್ಲೂ ಒಬ್ಬ ಹವ್ಯಾಸಿ ಚಾಲಕನಿರಬೇಕು. ಹೈಪರ್‌ಕಾರಿನಲ್ಲಿ ಆರು, ಎಂಟು, ಹನ್ನೆರಡು ಸಿಲಿಂಡರು ಎಲ್ಲವೂ ಉಂಟು. ಅವನ್ನು ಸರಿದೂಗಿಸಲು ಅಧಿಕಾರಿಗಳು ಒಂದಕ್ಕೆ ಕೆಲವು ಕಿಲೋ ತೂಕ ಹೆಚ್ಚಿಸುತ್ತಾರೆ, ಇನ್ನೊಂದರ ಶಕ್ತಿಯನ್ನು ತುಸು ತಗ್ಗಿಸುತ್ತಾರೆ. ಸೋತವರು ತಕ್ಕಡಿ ವಾಲಿತೆಂದು ಗೊಣಗುತ್ತಾರೆ.

ಸೂಕ್ಷ್ಮವಾಗಿ ನೋಡಿದರೆ ಇದು ೧೯೨೩ರ ಆ ಹಳೆಯ ಲೆಕ್ಕವೇ. ಪ್ರತಿಯೊಬ್ಬನಿಗೂ ಅವನವನ ಶಕ್ತಿಗೆ ತಕ್ಕ ಹೊರೆ ಕೊಟ್ಟು ನೋಡಬೇಕೆಂಬ ಆಸೆ. ಲೀಟರು, ಇಂಧನ, ತೂಕ ಎಂದು ಅಳತೆಗೋಲುಗಳು ಒಂದಾದ ಮೇಲೊಂದು ಬಂದವು. ಪ್ರತಿಯೊಂದನ್ನೂ ಯಾರೋ ಒಬ್ಬ ಜಾಣ ಎಂಜಿನಿಯರು ಸೋಲಿಸಿದ. ಆ ಸೋಲುಗಳಿಂದಲೇ ಬಿಗಿಯಾದ ಬ್ರೇಕು, ಮಿತವಾಗಿ ಉರಿಯುವ ಎಂಜಿನ್, ಇರುಳನ್ನು ಸೀಳುವ ದೀಪ ಬೆಳೆದವು. ಪೂರ್ಣ ನ್ಯಾಯದ ಅಳತೆ ಇನ್ನೂ ಸಿಕ್ಕಿಲ್ಲ. ಬೇಲಿಯ ಬಳಿಯ ಜನ ಮಾತ್ರ ಭಾನುವಾರದ ಮಧ್ಯಾಹ್ನ ಅಂದಿನಂತೆಯೇ ಕತ್ತು ಚಾಚಿ ಕೇಳುತ್ತಾರೆ: ಮುಂದೆ ಬಂದವರು ಯಾರು?