ಎಂಬತ್ತು ಡಾಲರಿನ ಕುದುರೆ, ಹದಿನಾಲ್ಕು ದಿನದ ಗ್ಯಾರಂಟಿ

1956ರ ಫೆಬ್ರವರಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನ್ಯೂ ಹಾಲೆಂಡ್ ಅಂತ ಒಂದು ಊರು, ಕುದುರೆ ಹರಾಜಿಗೆ ಹೆಸರಾದದ್ದು. ಹ್ಯಾರಿ ಡಿ ಲೇಯರ್ ಎಂಬ ಡಚ್ ವಲಸಿಗ ಅಲ್ಲಿಗೆ ತಡವಾಗಿ ಬಂದ. ಲಾಂಗ್ ಐಲೆಂಡಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸವಾರಿ ಹೇಳಿಕೊಡುವ ಮೇಷ್ಟ್ರು ಅವನು. ಅವನು ಬರುವಷ್ಟರಲ್ಲಿ ಒಳ್ಳೆ ಕುದುರೆಗಳೆಲ್ಲ ಮಾರಾಟವಾಗಿದ್ದವು. ಉಳಿದವನ್ನು ಕಸಾಯಿಖಾನೆಯ ಲಾರಿಗೆ ಹತ್ತಿಸುತ್ತಿದ್ದರು. ಅದರಲ್ಲೊಂದು ಬೂದು ಬಣ್ಣದ ಕುದುರೆ, ಹೊಲ ಉತ್ತು ಸವೆದ ಮೈ. ಅದನ್ನು 80 ಡಾಲರ್ ಕೊಟ್ಟು ಇಳಿಸಿಕೊಂಡ. ಮನೆಯಲ್ಲಿ ಅದಕ್ಕೆ ಸ್ನೋಮ್ಯಾನ್ ಅಂತ ಹೆಸರಿಟ್ಟರು.

ಸ್ವಲ್ಪ ದಿನಕ್ಕೆ ಡಿ ಲೇಯರ್ ಅದನ್ನು ನೆರೆಯ ಡಾಕ್ಟರೊಬ್ಬರಿಗೆ ಎರಡರಷ್ಟು ಬೆಲೆಗೆ ಮಾರಿದ. ಕುದುರೆ ಬೇಲಿ ಹಾರಿ ವಾಪಸ್ ಬಂತು. ಬೇಲಿ ಎತ್ತರಿಸಿದರೂ ಹಾರಿ ಬಂತು. ಆಗ ಡಿ ಲೇಯರ್‌ಗೆ ಅನುಮಾನ ಬಂದು, ವಾಪಸ್ ತಗೊಂಡು ತರಬೇತಿ ಶುರು ಮಾಡಿದ. 1958ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಅದೇ ಕುದುರೆ ಚಾಂಪಿಯನ್. 1959ರಲ್ಲಿ ಮತ್ತೊಮ್ಮೆ. ಆಮೇಲೆ ಎಷ್ಟು ದುಡ್ಡು ಕೊಡ್ತೀವಿ ಅಂದರೂ ಡಿ ಲೇಯರ್ ಅದನ್ನು ಮಾರಲಿಲ್ಲ.

ಈ ಕಥೆಯನ್ನು ಎಲ್ಲರೂ ಹೇಳುವುದು ‘ಕನಸು ಕಾಣಿ’ ಅನ್ನುವ ಮೋಟಿವೇಷನ್ ಡೋಸ್ ಆಗಿ. ನನಗೆ ಅದರಲ್ಲಿ ಕಾಣುವುದು ಬೇರೆ. ಈ ಕುದುರೆಯ ಬೆಲೆ ಕಟ್ಟುವುದರಲ್ಲಿ ಮೂರು ಕಡೆ ಲೆಕ್ಕ ತಪ್ಪಿತು. ಮೊದಲು ಅದನ್ನು ಹೊಲಕ್ಕೆ ಹೂಡಿದವರು, ಆಮೇಲೆ ಹರಾಜಿನವರು, ಕೊನೆಗೆ ಸ್ವತಃ ಡಿ ಲೇಯರ್. ಮೂರೂ ಕಡೆಯವರು ಕುದುರೆ ಬಲ್ಲವರೇ. ಹಾಗಿದ್ದೂ ಯಾಕೆ ಹೀಗಾಯ್ತು? ಕುದುರೆಯೊಳಗೆ ಏನಿದೆ ಅನ್ನೋದು ಹೊರಗಿನಿಂದ ಕಾಣೋದಿಲ್ಲ, ಅಷ್ಟೇ. ಕಾಣದ ಗುಣ ಹೊರಬಿದ್ದಾಗ ಅದು ಸಿನಿಮಾ ಆಗುತ್ತದೆ. ಕಾಣದ ದೋಷ ಹೊರಬಿದ್ದಾಗ ಕೋರ್ಟ್ ಕೇಸಾಗುತ್ತದೆ.

ಶೋ ಜಂಪಿಂಗ್ ಅಂದರೆ ಗೊತ್ತಲ್ಲ, ಅಂಗಳದಲ್ಲಿ ಬಣ್ಣದ ಗಳಗಳನ್ನಿಟ್ಟು ಕುದುರೆ ಹಾರಿಸುವ ಆಟ. ಇದರ ಮಾರುಕಟ್ಟೆಗೆ ಮೂರು ಅಂತಸ್ತು. ಮೇಲಿನದು 1.60 ಮೀಟರ್ ಹಾರುವ ಒಲಿಂಪಿಕ್ ಮಟ್ಟದ ಕುದುರೆಗಳದ್ದು. ಅವು ಎಲ್ಲಿ ಗೆದ್ದವು, ಎಲ್ಲಿ ಗಳ ಬೀಳಿಸಿದವು ಅಂತ ಲೋಕಕ್ಕೇ ಗೊತ್ತು. ಕೆಳಗಿನದು ಸ್ನೋಮ್ಯಾನ್ ನಿಂತಿದ್ದ ಲಾರಿ, ಅಲ್ಲಿ ಕುದುರೆಗೆ ಮಾಂಸದ ತೂಕದ ಬೆಲೆ. ಇವೆರಡರಲ್ಲೂ ಗೊಂದಲ ಕಡಿಮೆ. ಕಷ್ಟ ಇರುವುದು ನಡುವಿನ ಅಂತಸ್ತಿನಲ್ಲಿ. 1.10ರಿಂದ 1.30 ಮೀಟರ್ ಹಾರುವ, ಟಿವಿಯಲ್ಲಿ ಯಾವತ್ತೂ ಬರದ ಕುದುರೆಗಳವು. ಇವನ್ನು ಕೊಳ್ಳುವವರು ಕೆಲಸ ಮುಗಿಸಿ ಸಂಜೆ ಸವಾರಿಗೆ ಹೋಗುವವರು, ಮಗಳ ಹಟಕ್ಕೆ ಮಣಿದ ಅಪ್ಪ ಅಮ್ಮ. ಒಂದು ಕುಟುಂಬದ ವರ್ಷಗಳ ಉಳಿತಾಯ ಒಂದು ಪ್ರಾಣಿಯ ನಾಲ್ಕು ಕಾಲಿನ ಮೇಲೆ ನಿಂತಿರುತ್ತದೆ. ಕೊಳ್ಳುವವರ ತಲೆಯಲ್ಲಿ ಒಂದೇ ಪ್ರಶ್ನೆ: ಇಷ್ಟು ಒಳ್ಳೆ ಕುದುರೆಯಾದರೆ ಇವನು ಯಾಕೆ ಮಾರ್ತಿದಾನೆ?

ಸೆಕೆಂಡ್ ಹ್ಯಾಂಡ್ ಕಾರುಗಳ ವಿಷಯದಲ್ಲಿ ಇದೇ ಪ್ರಶ್ನೆ ಹಿಡಿದು 1970ರಲ್ಲಿ ಜಾರ್ಜ್ ಅಕರ್ಲಾಫ್ ಒಂದು ಲೇಖನ ಬರೆದರು, 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಒಳ್ಳೆ ಮಾಲಿಗೂ ಕೆಟ್ಟ ಬೆಲೆಯೇ ಸಿಗುತ್ತದೆ ಅನ್ನುವುದು ಅದರ ಸಾರ. ಕುದುರೆ ವ್ಯಾಪಾರಿಗಳಿಗೆ ಇದು ಅದಕ್ಕೂ ಎರಡು ಸಾವಿರ ವರ್ಷ ಮೊದಲೇ ಗೊತ್ತಿತ್ತು.

ಕ್ರಿ.ಪೂ. 4ನೇ ಶತಮಾನದಲ್ಲಿ ಗ್ರೀಸಿನ ಕ್ಸೆನೊಫನ್ ಕುದುರೆ ಸವಾರಿಯ ಬಗ್ಗೆ ಒಂದು ಪುಸ್ತಕ ಬರೆದ. ಅದು ಶುರುವಾಗುವುದೇ ಕೊಳ್ಳುವಾಗ ಮೋಸ ಹೋಗದಿರುವುದು ಹೇಗೆ ಅನ್ನುವುದರಿಂದ. ಮೊದಲು ಗೊರಸು ನೋಡು, ಆಮೇಲೆ ಮೇಲಕ್ಕೆ ಬಾ ಅನ್ನುತ್ತಾನೆ. ಪಳಗಿಸದ ಮರಿಯಾದರೆ ಮೈಕಟ್ಟು ಮಾತ್ರ ನೋಡಬಹುದು, ಸ್ವಭಾವ ತಿಳಿಯುವುದಿಲ್ಲ ಅಂತಲೂ ಎಚ್ಚರಿಸುತ್ತಾನೆ. ಹಳ್ಳಿಯಲ್ಲಿ ಬೆಳೆದ ನನಗೆ ಇದೇನೂ ಹೊಸದಲ್ಲ. ನಮ್ಮ ದನದ ಜಾತ್ರೆಗಳಲ್ಲಿ ಎತ್ತಿನ ಬಾಯಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಅಂತ ನೋಡ್ತಾರೆ, ಸುಳಿ ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸ್ತಾರೆ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ನಿಜ, ಆದರೆ ದುಡ್ಡು ಕೊಟ್ಟ ಮೇಲೆ ಎಣಿಸಲೇಬೇಕಲ್ಲ.

ಎಣಿಸಿದ ಮೇಲೂ ತಪ್ಪಿದರೆ? ನಷ್ಟ ಯಾರದು? ಕುದುರೆ ವ್ಯಾಪಾರದ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ.

ರೋಮಿನ ಉತ್ತರ ಕೊಳ್ಳುವವನ ಪರ ಇತ್ತು. ಅಲ್ಲಿ ಸಂತೆಯ ಮೇಲ್ವಿಚಾರಣೆ ಈಡೈಲ್ ಎಂಬ ಅಧಿಕಾರಿಗಳದು. ದುಡಿಯುವ ಪ್ರಾಣಿಗಳನ್ನು ಮಾರುವವನು ಅವುಗಳ ಕಾಯಿಲೆ, ದೋಷಗಳನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು ಅಂತ ಅವರ ಕಟ್ಟಳೆ. ಮುಚ್ಚಿಟ್ಟದ್ದು ಹೊರಬಿದ್ದರೆ ಆರು ತಿಂಗಳೊಳಗೆ ವ್ಯಾಪಾರ ರದ್ದು ಮಾಡಿಸಬಹುದು, ಒಂದು ವರ್ಷದೊಳಗೆ ಬೆಲೆ ಇಳಿಸಿ ಅಂತ ಕೇಳಬಹುದು. ಗುಲಾಮರನ್ನು ಮಾರುವುದಕ್ಕೂ ಇಂಥದೇ ಕಟ್ಟಳೆ ಇತ್ತು ಅನ್ನುವುದನ್ನು ಮರೆಯಬಾರದು. ಇಂಗ್ಲೆಂಡಿನಲ್ಲಿ ಇದಕ್ಕೆ ತಿರುಗಾಮುರುಗಾ. ಕೊಳ್ಳುವವನೇ ಎಚ್ಚರವಾಗಿರಬೇಕಿತ್ತು. ಮಾರುವವನು ‘ಕುದುರೆ ಸರಿ ಇದೆ’ ಅಂತ ಮಾತು ಕೊಟ್ಟಿದ್ದರೆ ಮಾತ್ರ ಅವನನ್ನು ಹಿಡಿಯಬಹುದಿತ್ತು.

ನಮ್ಮ ವಿಜಯನಗರದವರ ಉತ್ತರ ಇನ್ನೂ ವಿಚಿತ್ರ. ಹೊರ್ಮುಜ್, ಏಡನ್ ಕಡೆಯಿಂದ ಹಡಗಿನಲ್ಲಿ ಕುದುರೆ ಬರುತ್ತಿದ್ದ ಕಾಲ. ಸಾಳುವ ನರಸಿಂಹನು ಮೂರು ಕುದುರೆಗೆ ಸಾವಿರ ಪರ್ದಾವ್ ಲೆಕ್ಕದಲ್ಲಿ, ಸತ್ತಿದ್ದರೂ ಬದುಕಿದ್ದರೂ ಕೊಳ್ಳುತ್ತಿದ್ದ ಅಂತ 16ನೇ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕಿತ್ತಂತೆ, ಪೂರ್ತಿ ದುಡ್ಡು. ಕೇಳಿದರೆ ನಗು ಬರುತ್ತೆ. ಆದರೆ ಯೋಚಿಸಿ ನೋಡಿ, ಸೈನ್ಯಕ್ಕೆ ಕುದುರೆ ಬೇಕೇ ಬೇಕು. ದಾರಿಯ ನಷ್ಟವನ್ನು ರಾಜನೇ ಹೊತ್ತುಕೊಂಡರೆ ವ್ಯಾಪಾರಿ ಬೇರೆ ದೊರೆಯ ಬಾಗಿಲಿಗೆ ಯಾಕೆ ಹೋಗ್ತಾನೆ? ನಷ್ಟ ಹೊರುವ ಶಕ್ತಿ ಯಾರಿಗಿತ್ತೋ ಅವರೇ ಹೊತ್ತರು.

ಈಗ ಜರ್ಮನಿಗೆ ಬರೋಣ. ಇವತ್ತು ಶೋ ಜಂಪಿಂಗ್ ಕುದುರೆಗಳ ದೊಡ್ಡ ತವರುಗಳಲ್ಲಿ ಅದೂ ಒಂದು. 1899ರಲ್ಲಿ ಅಲ್ಲಿನ ಚಕ್ರವರ್ತಿ ಸರ್ಕಾರ ಒಂದು ಪಟ್ಟಿ ಹೊರಡಿಸಿತು. ಕುದುರೆ ಮಾರಿದವನು ಹೊಣೆಯಾಗಬೇಕಾದ ದೋಷಗಳು ಆರೇ ಆರು: ಗ್ಲಾಂಡರ್ಸ್ ಎಂಬ ಅಂಟುರೋಗ, ಮಿದುಳಿನ ತೊಂದರೆಯಿಂದ ಮಂಕು ಬಡಿಯುವುದು, ವಾಸಿಯಾಗದ ಉಬ್ಬಸ, ಉಸಿರಾಡುವಾಗ ಗಂಟಲಲ್ಲಿ ಸಿಳ್ಳೆ, ಮತ್ತೆ ಮತ್ತೆ ಮರುಕಳಿಸುವ ಕಣ್ಣಿನ ಉರಿಯೂತ, ಮತ್ತು ಗೊಂತಿಗೆ ಹಲ್ಲು ಊರಿ ಗಾಳಿ ನುಂಗುವ ಚಟ. ಗಡುವು 14 ದಿನ. ಅಷ್ಟರೊಳಗೆ ಇವುಗಳಲ್ಲಿ ಒಂದು ಕಂಡರೆ ಮಾರುವಾಗಲೇ ಇತ್ತು ಅಂತ ಲೆಕ್ಕ. ಹದಿನೈದನೇ ದಿನ ಕಂಡರೆ ನಿಮ್ಮ ಹಣೆಬರಹ.

ಪಟ್ಟಿಯನ್ನು ಇನ್ನೊಂದು ಸಲ ಓದಿ. ಕುಂಟುವುದು ಅದರಲ್ಲಿಲ್ಲ! ಹಾರುವ ಕುದುರೆಗೆ ಕಾಲೇ ಬಂಡವಾಳ, ಆದರೆ ಕಾಲಿನ ಯಾವ ದೋಷವೂ ಪಟ್ಟಿಯಲ್ಲಿಲ್ಲ. ಮಾರುವವನು ಬೇರೆಯಾಗಿ ಭರವಸೆ ಕೊಟ್ಟಿರಬೇಕು, ಇಲ್ಲಾಂದ್ರೆ ಅವನು ಬೇಕಂತಲೇ ಮೋಸ ಮಾಡಿದ್ದು ಸಾಬೀತಾಗಬೇಕು.

1899ರ ಮಟ್ಟಿಗೆ ಇದು ಅಷ್ಟೇನೂ ಅನ್ಯಾಯ ಅಲ್ಲ ಅಂತ ನನಗನಿಸುತ್ತದೆ. ಆಗ ಕುದುರೆ ಕೊಳ್ಳುತ್ತಿದ್ದವರು ರೈತರು, ಗಾಡಿಯವರು, ಸೈನ್ಯದ ಅಧಿಕಾರಿಗಳು. ಕುಂಟುವ ಕುದುರೆಯನ್ನು ದೂರದಿಂದಲೇ ಗುರುತಿಸುವ ಕಣ್ಣು ಅವರಿಗಿತ್ತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಈ ಗಿರಾಕಿಗಳೇ ಮಾಯವಾಗತೊಡಗಿದರು. ಸೈನ್ಯಕ್ಕೆ ಟ್ಯಾಂಕ್ ಬಂತು, ಹೊಲಕ್ಕೆ ಟ್ರ್ಯಾಕ್ಟರ್ ಬಂತು. ತಳಿ ಬೆಳೆಸುವವರು ಹೊಸ ಗಿರಾಕಿ ಹುಡುಕಲೇಬೇಕಾಯ್ತು. 1949ರಲ್ಲಿ ವರ್ಡನ್ ಪಟ್ಟಣದಲ್ಲಿ ಹ್ಯಾನೋವರ್ ತಳಿಯ ಸವಾರಿ ಕುದುರೆಗಳ ಹರಾಜು ಶುರುವಾಯ್ತು. 1958ರಲ್ಲಿ ಫ್ರಾನ್ಸ್ ತನ್ನ ಬೇರೆಬೇರೆ ಸವಾರಿ ತಳಿಗಳನ್ನು ಸೆಲ್ ಫ್ರಾನ್ಸೆ ಅನ್ನುವ ಒಂದೇ ಹೆಸರಿನಡಿ ತಂದಿತು. ಅತ್ತ ಆಟವೂ ಸೈನಿಕರ ಕೈಯಿಂದ ಜಾರುತ್ತಿತ್ತು. 1956ರಲ್ಲಿ, ಸ್ನೋಮ್ಯಾನ್ ಲಾರಿಯಿಂದ ಇಳಿದ ವರ್ಷವೇ, ಒಲಿಂಪಿಕ್ಸ್ ಶೋ ಜಂಪಿಂಗ್‌ನಲ್ಲಿ ಮೊದಲ ಬಾರಿಗೆ ಮಹಿಳೆಯರು ಸ್ಪರ್ಧಿಸಿದರು. ಬ್ರಿಟನ್ನಿನ ಪ್ಯಾಟ್ ಸ್ಮೈತ್ ತಂಡದ ಕಂಚು ಗೆದ್ದರು.

ಹೀಗೆ ಕುದುರೆ ಕೊಳ್ಳುವವರೇ ಬದಲಾಗಿಹೋದರು. ಲಾಯ ನೋಡದೆ ಬೆಳೆದ ಊರಿನವರು, ವಾರಾಂತ್ಯದ ಸವಾರರು, ಮಕ್ಕಳು. ಆದರೆ ಕಾನೂನು ಮಾತ್ರ ಗಾಡಿಯವನನ್ನೂ ಸೈನ್ಯಾಧಿಕಾರಿಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದ ಆ ಹಳೇ ಪಟ್ಟಿಯೇ. ಅದು 2001ರ ಡಿಸೆಂಬರ್ 31ರವರೆಗೂ ನಡೆಯಿತು. ಶತಮಾನ ದಾಟಿದ ಲೆಗಸಿ ಕೋಡ್ ಅನ್ನಿ.

ಕಾನೂನು ಬಿಟ್ಟ ಜಾಗವನ್ನು ಪಶುವೈದ್ಯರು ತುಂಬಿದರು. ಬ್ರಿಟನ್ನಿನಲ್ಲಿ ಕೊಳ್ಳುವ ಮುನ್ನದ ಪರೀಕ್ಷೆಗೆ ಐದು ಹಂತ: ನಿಲ್ಲಿಸಿ ನೋಡುವುದು, ನಡೆಸಿ ಓಡಿಸಿ ನೋಡುವುದು, ಸವಾರಿ ಮಾಡಿಸಿ ನೋಡುವುದು, ದಣಿವಾರಿಸಿ ನೋಡುವುದು, ಮತ್ತೆ ಓಡಿಸಿ ನೋಡುವುದು. ಕಾಲನ್ನು ಸ್ವಲ್ಪ ಹೊತ್ತು ಮಡಚಿ ಹಿಡಿದು, ಬಿಟ್ಟ ತಕ್ಷಣ ಓಡಿಸಿ ಕುಂಟುತ್ತದಾ ಅಂತಲೂ ನೋಡ್ತಾರೆ. ರಕ್ತ ತೆಗೆದು ಆರು ತಿಂಗಳು ಇಡ್ತಾರೆ. ಯಾಕೆ ಗೊತ್ತಾ? ಕುದುರೆ ತೋರಿಸುವ ದಿನ ನೋವಿನ ಮಾತ್ರೆ ಕೊಟ್ಟಿದ್ದರೆ ಕುಂಟು ಕಾಣುವುದಿಲ್ಲ. ಆಮೇಲೆ ಜಗಳವಾದರೆ ಆ ರಕ್ತವೇ ಸಾಕ್ಷಿ.

2002ರಲ್ಲಿ ಜರ್ಮನಿಯಲ್ಲಿ ಕುದುರೆಗೂ ಉಳಿದ ಮಾಲಿನ ನಿಯಮವೇ ಬಂತು. ಆರು ದೋಷಗಳ ಪಟ್ಟಿ ಹೋಯಿತು. ವ್ಯಾಪಾರಿಯಿಂದ ಸಾಮಾನ್ಯ ಗ್ರಾಹಕ ಕೊಂಡಿದ್ದರೆ, ಆರು ತಿಂಗಳೊಳಗೆ ಕಂಡ ದೋಷ ಮೊದಲೇ ಇತ್ತು ಅಂತ ಭಾವಿಸಬೇಕು, ಇರಲಿಲ್ಲ ಅಂತ ಸಾಬೀತು ಮಾಡುವ ಕೆಲಸ ಮಾರಿದವನದು. ರೋಮಿನ ಆರು ತಿಂಗಳು ಬೇರೆ ವೇಷದಲ್ಲಿ ವಾಪಸ್ ಬಂದ ಹಾಗಾಯ್ತು.

ಹಾಗಂತ ಮಾರುವವರ ಮಾತನ್ನು ತಳ್ಳಿಹಾಕೋಕಾಗಲ್ಲ. ಕುದುರೆ ಕಾರಲ್ಲ. ತರಬೇತುದಾರನ ಕೈಯಲ್ಲಿ 1.20 ಸಲೀಸಾಗಿ ಹಾರುವ ಕುದುರೆ, ಹೊಸ ಯಜಮಾನಿಯ ಹೆದರಿದ ಕೈಯಲ್ಲಿ ಮೂರೇ ತಿಂಗಳಿಗೆ ಗಳದ ಮುಂದೆ ಬಂದು ಗಕ್ಕನೆ ನಿಲ್ಲುವುದನ್ನು ಕಲಿಯಬಹುದು. ‘ನನ್ನ ಮಷೀನಲ್ಲಿ ಸರಿಯಾಗೇ ಓಡ್ತಿತ್ತು’ ಅಂತ ನಾವು ಆಫೀಸಿನಲ್ಲಿ ಹೇಳೋದು ಬಹಳ ಸಲ ನೆಪ. ಕುದುರೆ ಮಾರುವವನ ಬಾಯಲ್ಲಿ ಅದು ಎಷ್ಟೋ ಸಲ ಸತ್ಯ. ಜರ್ಮನಿಯ ಉನ್ನತ ನ್ಯಾಯಾಲಯ 2007ರಲ್ಲಿ ಇದಕ್ಕೊಂದು ಗೆರೆ ಎಳೆಯಿತು. ಆರೋಗ್ಯವಾಗಿರುವ ಕುದುರೆಯ ಮೈರಚನೆ ಆದರ್ಶ ನಮೂನೆಗಿಂತ ಬೇರೆಯಾಗಿದೆ ಎಂಬ ಒಂದೇ ಕಾರಣಕ್ಕೆ ಅದು ದೋಷವಾಗುವುದಿಲ್ಲ ಅಂದಿತು. ಜೀವ ಇರುವ ಯಾವುದೂ ಡ್ರಾಯಿಂಗ್ ನೋಡಿ ಮಾಡಿದ ಹಾಗಿರುವುದಿಲ್ಲವಲ್ಲ.

ಇನ್ನೊಂದು ಬಾಗಿಲು ಮಾತ್ರ ಇವತ್ತಿಗೂ ಅರೆ ತೆರೆದೇ ಇದೆ, ದಲ್ಲಾಳಿಯದು. ಮಧ್ಯಮ ಮಟ್ಟದ ಕುದುರೆ ಹುಡುಕಿಕೊಡುವುದು ಸಾಮಾನ್ಯವಾಗಿ ಸವಾರರ ಕೋಚ್. ಬೆಲೆಯ ಮೇಲೆ ಶೇಕಡಾ 10ರ ಆಸುಪಾಸು ಕಮಿಷನ್ ರೂಢಿ. ಅದೇ ಕೋಚ್ ಮಾರುವವನಿಂದಲೂ ಗುಟ್ಟಾಗಿ ತಗೊಂಡರೆ ಅವರು ಯಾರ ಪರ? ನಮ್ಮ ಜಾತ್ರೆಗಳಲ್ಲಿ ದಲ್ಲಾಳಿ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾನೆ, ಅಲ್ಲಿ ಕೈ ಎರಡೂ ಕಡೆಯವರದ್ದೇ. ಇಲ್ಲಿ ಟವೆಲ್ ಇರುವುದೇ ಕಾಣುವುದಿಲ್ಲ.

ಇದರಲ್ಲೆಲ್ಲ ಕುದುರೆಗೆ ಏನಾಗುತ್ತದೆ? ಮಧ್ಯಮ ಮಟ್ಟದ ಕುದುರೆ ಜೀವಮಾನದಲ್ಲಿ ಹಲವು ಸಲ ಕೈ ಬದಲಾಯಿಸಬಹುದು. ಪ್ರಾಯದಲ್ಲಿ 1.30, ಆಮೇಲೆ 1.10, ವಯಸ್ಸಾದ ಮೇಲೆ ಸಣ್ಣ ಗಳ ಹಾರಿಸುತ್ತಾ ಮಕ್ಕಳಿಗೆ ಕಲಿಸುವ ಮೇಷ್ಟ್ರು. ಪ್ರತಿ ಮಾರಾಟದಲ್ಲೂ ನಿಜ ಹೇಳಿದರೆ ಇದು ಮರ್ಯಾದೆಯ ಇಳಿಕೆ. ಒಂದು ಕಡೆ ನೋವು ಮುಚ್ಚಿಟ್ಟರೆ ಮುಂದಿನ ಮನೆಯಲ್ಲಿ ಅದು ಹಾರಲು ಒಪ್ಪುವುದಿಲ್ಲ. ಆಗ ಅದಕ್ಕೆ ‘ಮೊಂಡು’ ಅಂತ ಹೆಸರು ಬೀಳುತ್ತದೆ, ಬೆಲೆ ಇಳಿಯುತ್ತದೆ, ಮತ್ತೆ ಮಾರುತ್ತಾರೆ. ಇಳಿಯುತ್ತಾ ಇಳಿಯುತ್ತಾ ತೂಕದ ಬೆಲೆಯವರೆಗೂ ಬರಬಹುದು. ದುಡ್ಡು ಕಳೆದುಕೊಂಡ ಮನುಷ್ಯನಿಗೆ ಕೋರ್ಟ್ ಇದೆ. ಕುದುರೆಯ ಪರವಾಗಿ ಇರುವುದು ಮಾರುವವನ ಬಾಯಿಂದ ಬರುವ ನಿಜ, ಕೊಳ್ಳುವವನು ಕರೆತಂದ ವೈದ್ಯನ ಕಣ್ಣು, ಇವೆರಡೇ.