ವಸ್ತುಸಂಗ್ರಹಾಲಯಗಳಾಗಿರುವ ಯುದ್ಧನೌಕೆಗಳು ಮತ್ತು ನೌಕಾ ಇತಿಹಾಸದ ತಾಣಗಳು: ಸಂದರ್ಶಕರಿಗೆ ಮಾಹಿತಿ

ಸೇವೆಯಿಂದ ನಿವೃತ್ತಿಗೊಂಡ ಯುದ್ಧನೌಕೆಗಳನ್ನು ಹಾಗೂ ನೌಕಾ ಇತಿಹಾಸಕ್ಕೆ ಸಂಬಂಧಿಸಿದ ಸ್ಥಳಗಳನ್ನು ಹವ್ಯಾಸವಾಗಿ ಸಂದರ್ಶಿಸಬಯಸುವ ನಾಗರಿಕರು, ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಪ್ರವೇಶ ಶುಲ್ಕ ಮತ್ತು ವೀಕ್ಷಣೆಯ ವೇಳೆ ಆಗಾಗ್ಗೆ ಪರಿಷ್ಕರಣೆಗೆ ಒಳಪಡುವುದರಿಂದ ಅವುಗಳನ್ನು ಇಲ್ಲಿ ನಮೂದಿಸಿಲ್ಲ. ಪ್ರವಾಸ ಹೊರಡುವ ಮುನ್ನ ಆಯಾ ಸ್ಥಳದ ಆಡಳಿತದಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಎದುರಿಗಿರುವ ನೌಕೆ ನಿಜವಾಗಿ ಯಾವುದು, ಅದು ಎಂದು ಎಲ್ಲಿ ಸೇವೆ ಸಲ್ಲಿಸಿತು ಎಂಬುದನ್ನು ಸಂದರ್ಶಕರು ತಾವಾಗಿಯೇ ತಿಳಿದುಕೊಳ್ಳುವ ಬಗೆಗೆ ಇಲ್ಲಿ ಹೆಚ್ಚಿನ ಗಮನ ನೀಡಲಾಗಿದೆ. ಈ ವಿಷಯದಲ್ಲಿ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ.

ಕಾರವಾರದ ‘ಚಪಲ್’

ಕರ್ನಾಟಕದಲ್ಲಿ ವಸ್ತುಸಂಗ್ರಹಾಲಯವಾಗಿರುವ ಯುದ್ಧನೌಕೆಯು ಉತ್ತರ ಕನ್ನಡ ಜಿಲ್ಲೆಯ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿದೆ. ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿಯೇ, ಮರಳಿನ ಮೇಲೆ ನಿರ್ಮಿಸಿದ ಕಾಂಕ್ರೀಟ್ ಆಧಾರದ ಮೇಲೆ ಅದನ್ನು ನಿಲ್ಲಿಸಲಾಗಿದೆ. ನೌಕೆಯ ಹೆಸರು ಐಎನ್‌ಎಸ್ ಚಪಲ್. ಪತ್ರಿಕೆಗಳಲ್ಲಿ ‘ಚಾಪೆಲ್’ ಎಂದೂ ಮುದ್ರಿತವಾಗುವುದುಂಟು. ಕನ್ನಡದ ಬಳಕೆಯಲ್ಲಿ ಚಪಲ ಎಂದರೆ ತಿನ್ನುವ ಆಸೆ ಎಂಬ ಅರ್ಥವೇ ಮೊದಲು ತೋರುವುದಾದರೂ, ಸಂಸ್ಕೃತದಲ್ಲಿ ಅದಕ್ಕೆ ಚುರುಕು, ವೇಗ ಎಂಬ ಅರ್ಥಗಳಿವೆ. ‘ಚಪಲಾ’ ಎಂದರೆ ಮಿಂಚು. ವೇಗವೇ ಜೀವಾಳವಾಗಿದ್ದ ಈ ನೌಕೆಗೆ ಅದು ಒಪ್ಪುವ ಹೆಸರು.

ಚಪಲ್ ಒಂದು ಕ್ಷಿಪಣಿ ದೋಣಿ. ಸೋವಿಯತ್ ಒಕ್ಕೂಟದಲ್ಲಿ ನಿರ್ಮಾಣವಾದ ಇದು 1976ರ ನವೆಂಬರ್ 4ರಂದು ಭಾರತೀಯ ನೌಕಾಪಡೆಗೆ ಸೇರ್ಪಡೆಯಾಯಿತು. 2005ರ ಮೇ ತಿಂಗಳಲ್ಲಿ ನಿವೃತ್ತಿಗೊಂಡಿತು. 2006ರ ನವೆಂಬರ್‌ನಲ್ಲಿ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ಉದ್ದ ಸುಮಾರು 38 ಮೀಟರ್. ಭಾರ ಸುಮಾರು 240 ಟನ್. ಇಷ್ಟು ಚಿಕ್ಕ ಒಡಲಿನಲ್ಲಿ ಮೂರು ಡೀಸೆಲ್ ಎಂಜಿನ್‌ಗಳು, ನಾಲ್ಕು ಕ್ಷಿಪಣಿಗಳು, ಮುಂದೆ ಹಿಂದೆ ಒಂದೊಂದು ಜೋಡಿ ನಳಿಗೆಯ 30 ಮಿ.ಮೀ. ಫಿರಂಗಿ ಹಾಗೂ ಸುಮಾರು 30 ಮಂದಿಯ ವಾಸ. ಒಳಗೆ ಇಳಿದಾಗ ಹಾದಿ ಎಷ್ಟು ಕಿರಿದು ಎಂಬುದು ಮೊದಲು ಅನುಭವಕ್ಕೆ ಬರುತ್ತದೆ. ಎತ್ತರದ ವ್ಯಕ್ತಿಗಳು ತಲೆ ತಗ್ಗಿಸಿ ನಡೆಯತಕ್ಕದ್ದು.

ಈ ನೌಕೆಯು 1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ನಡೆಸಿತೆಂದು ಪ್ರವಾಸಿ ಮಾರ್ಗದರ್ಶಿಗಳಲ್ಲಿಯೂ ಶಾಲಾ ಪ್ರವಾಸದ ವರದಿಗಳಲ್ಲಿಯೂ ಕಾಣಬರುತ್ತದೆ. ಇದು ಸರಿಯಲ್ಲ. 1976ರಲ್ಲಿ ಸೇವೆಗೆ ಸೇರಿದ ನೌಕೆ 1971ರಲ್ಲಿ ಯುದ್ಧ ಮಾಡಿರಲು ಸಾಧ್ಯವಿಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯತ್ತ ಸಾಗಿದ್ದು ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು. ಅವುಗಳ ಜೊತೆಗೆ ಕಿಲ್ತಾನ್ ಮತ್ತು ಕಚ್ಚಾಲ್ ಎಂಬ ದೊಡ್ಡ ನೌಕೆಗಳಿದ್ದವು. ಆ ರಾತ್ರಿ ಪಾಕಿಸ್ತಾನದ ಖೈಬರ್ ಮತ್ತು ಮುಹಾಫಿಜ್ ಎಂಬ ಯುದ್ಧನೌಕೆಗಳು ಮುಳುಗಿದವು. ಡಿಸೆಂಬರ್ 4ನ್ನು ನೌಕಾಪಡೆ ದಿನವಾಗಿ ಆಚರಿಸುವುದು ಇದೇ ಕಾರಣಕ್ಕೆ. ನಾಲ್ಕು ದಿನಗಳ ನಂತರ ನಡೆದ ಎರಡನೆಯ ದಾಳಿಯಲ್ಲಿ ವಿನಾಶ್ ಎಂಬ ಒಂದೇ ಕ್ಷಿಪಣಿ ದೋಣಿಯು ತಲವಾರ್ ಮತ್ತು ತ್ರಿಶೂಲ್ ನೌಕೆಗಳೊಂದಿಗೆ ಪಾಲ್ಗೊಂಡಿತ್ತು.

ಈ ವ್ಯತ್ಯಾಸವನ್ನು ಪುಸ್ತಕದ ನೆರವಿಲ್ಲದೆ ಕಣ್ಣಿನಿಂದಲೇ ಅರಿಯಲು ಸಾಧ್ಯ. 1971ರ ದೋಣಿಗಳು ಸೋವಿಯತ್ ‘ಓಸಾ’ ಮಾದರಿಯ ಮೊದಲ ಆವೃತ್ತಿಗೆ ಸೇರಿದವು. ಅವುಗಳ ಕ್ಷಿಪಣಿಯ ರೆಕ್ಕೆಗಳು ಮಡಚುವಂಥವಲ್ಲ; ಆದ್ದರಿಂದ ಕ್ಷಿಪಣಿಯನ್ನು ಇಡುತ್ತಿದ್ದ ಗೂಡು ಅಗಲವಾಗಿ, ಪೆಟ್ಟಿಗೆಯ ಆಕಾರದಲ್ಲಿರುತ್ತಿತ್ತು. ಎರಡನೆಯ ಆವೃತ್ತಿಯಲ್ಲಿ ರೆಕ್ಕೆ ಮಡಚುವ ಕ್ಷಿಪಣಿ ಬಂದ ಮೇಲೆ ಗೂಡು ಕಿರಿದಾಗಿ, ದುಂಡನೆಯ ಕೊಳವೆಯ ಆಕಾರ ತಾಳಿತು. ಕಾರವಾರದಲ್ಲಿ ನೌಕೆಯ ಎರಡೂ ಪಕ್ಕಗಳಲ್ಲಿ ಕಾಣುವುದು ದುಂಡನೆಯ ಕೊಳವೆಗಳೇ. ಟಿಕೆಟ್ ಪಡೆಯುವ ಮುನ್ನ ಹೊರಗೆ ನಿಂತು ನೋಡಿದರೂ ಇದು ತಿಳಿಯುತ್ತದೆ. ವಿದ್ಯಾರ್ಥಿಗಳನ್ನು ಕರೆತರುವ ಶಿಕ್ಷಕರು ಒಳಗೆ ಹೋಗುವ ಮೊದಲೇ ಈ ಅಂಶವನ್ನು ತೋರಿಸಿಕೊಡಬಹುದು. ಚಪಲ್ 1971ರಲ್ಲಿ ಇರಲಿಲ್ಲ ಎಂಬುದರಿಂದ ಅದರ ಗೌರವಕ್ಕೆ ಕುಂದಿಲ್ಲ. ಕರಾಚಿಯಲ್ಲಿ ಸಿಕ್ಕ ಯಶಸ್ಸಿನ ಬಳಿಕ ನೌಕಾಪಡೆಯು ಅದೇ ಮಾದರಿಯ ಸುಧಾರಿತ ರೂಪದ ಎಂಟು ದೋಣಿಗಳನ್ನು ತರಿಸಿಕೊಂಡಿತು, ಅವುಗಳಲ್ಲಿ ಇದೂ ಒಂದು. ಸುಮಾರು 28 ವರ್ಷಗಳ ಕಾಲ ಕಾವಲಿನಲ್ಲಿದ್ದ ನಾವಿಕರಿಗೆ ಅವರದೇ ಆದ ಇತಿಹಾಸವಿದೆ. ಬೇರೆ ದೋಣಿಯ ಸಾಹಸವನ್ನು ಇದಕ್ಕೆ ಹೊರಿಸಿದಲ್ಲಿ ಎರಡೂ ಕಡೆಯವರಿಗೆ ಅನ್ಯಾಯವಾಗುತ್ತದೆ.

ಚಪಲ್ ಪಕ್ಕದಲ್ಲಿ ನೌಕಾಪಡೆಯ ಟುಪೊಲೆವ್ 142 ವಿಮಾನವನ್ನು ಪ್ರದರ್ಶನಕ್ಕೆ ಇರಿಸಲಾಗಿದೆ. ಸಾಗರದ ಮೇಲೆ ದೂರ ಹಾರಿ ಜಲಾಂತರ್ಗಾಮಿಗಳನ್ನು ಹುಡುಕಲು 1988ರಿಂದ ಬಳಕೆಯಲ್ಲಿದ್ದ ಈ ವಿಮಾನಗಳು 2017ರ ಮಾರ್ಚ್‌ನಲ್ಲಿ ತಮಿಳುನಾಡಿನ ಅರಕ್ಕೋಣಂನಲ್ಲಿ ನಿವೃತ್ತಿಗೊಂಡವು. ಅಲ್ಲಿಂದ ಬಿಡಿಭಾಗಗಳಾಗಿ ರಸ್ತೆಯ ಮೂಲಕ ತಂದು ಇಲ್ಲಿ ಜೋಡಿಸಲಾಯಿತು. ಪ್ರತಿ ಎಂಜಿನ್‌ಗೆ ಒಂದರ ಹಿಂದೆ ಒಂದರಂತೆ ಎರಡು ಪ್ರೊಪೆಲರ್‌ಗಳಿರುವುದನ್ನು ಗಮನಿಸಬಹುದು; ಅವು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಿದ್ದವು.

ಹೆಸರು ಒಂದೇ, ನೌಕೆ ಬೇರೆ

ನಿವೃತ್ತಿಗೊಂಡ ನೌಕೆಯ ಹೆಸರನ್ನು ಹೊಸ ನೌಕೆಗೆ ಇಡುವುದು ನೌಕಾಪಡೆಯ ಸಂಪ್ರದಾಯ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಮನೆಗಳ ರೂಢಿಯಂತೆಯೇ ಇದು. ಹವ್ಯಾಸಿಗಳ ಗೊಂದಲಕ್ಕೆ ಮುಖ್ಯ ಕಾರಣವೂ ಇದೇ.

ದಿಯು ಇದಕ್ಕೆ ಉತ್ತಮ ನಿದರ್ಶನ. 1971ರ ಡಿಸೆಂಬರ್ 9ರಂದು ದಿಯು ಸಮೀಪದ ಸಮುದ್ರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿಯ ದಾಳಿಗೆ ಸಿಲುಕಿ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು ಮತ್ತು 176 ನಾವಿಕರು ಪ್ರಾಣ ಕಳೆದುಕೊಂಡರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ನೌಕೆಯೊಂದಿಗೇ ಮುಳುಗಿದರು. ಸಮುದ್ರಕ್ಕೆ ಮುಖಮಾಡಿದ ದಿಬ್ಬದ ಮೇಲೆ ಅವರೆಲ್ಲರ ಸ್ಮಾರಕವಿದ್ದು, ಗಾಜಿನ ಪೆಟ್ಟಿಗೆಯೊಳಗೆ ಆ ನೌಕೆಯ ಪ್ರತಿಕೃತಿಯಿದೆ. ಇದೇ ದಿಯುವಿನಲ್ಲಿ ಖುಕ್ರಿ ಎಂಬ ಹೆಸರಿನ ನಿಜವಾದ ಯುದ್ಧನೌಕೆಯೂ ಇದೆ. ಅದು 1989ರಲ್ಲಿ ಸೇವೆಗೆ ಸೇರಿ 2021ರ ಡಿಸೆಂಬರ್‌ನಲ್ಲಿ ನಿವೃತ್ತಿಗೊಂಡ ಎರಡನೆಯ ಖುಕ್ರಿ. 2022ರ ಜನವರಿಯಲ್ಲಿ ದಿಯು ಆಡಳಿತಕ್ಕೆ ಹಸ್ತಾಂತರವಾಯಿತು. ಮೊದಲನೆಯದು ಇಂದಿಗೂ ಸಮುದ್ರದ ತಳದಲ್ಲಿದೆ. ಸಂದರ್ಶಕರು ಮೊದಲು ಸ್ಮಾರಕವನ್ನು, ಬಳಿಕ ನೌಕೆಯನ್ನು ನೋಡುವುದು ಸೂಕ್ತ.

ಆದ್ದರಿಂದ ಯಾವುದೇ ನೌಕೆಯನ್ನು ನೋಡುವಾಗ ಹೆಸರಿನ ಜೊತೆಗೆ ಸೇರ್ಪಡೆಯ ದಿನಾಂಕ, ನಿವೃತ್ತಿಯ ದಿನಾಂಕ ಹಾಗೂ ಒಡಲಿನ ಮೇಲೆ ಬರೆದಿರುವ ಸಂಖ್ಯೆ ಈ ಮೂರನ್ನೂ ಬರೆದುಕೊಳ್ಳತಕ್ಕದ್ದು. ಚಪಲ್‌ನ ಸಂಖ್ಯೆ ಕೆ 94.

ಉಳಿದ ನೌಕೆಗಳು, ಉಳಿಯದ ನೌಕೆಗಳು

ವಿಶಾಖಪಟ್ಟಣದ ಕಡಲತೀರದಲ್ಲಿರುವ ಐಎನ್‌ಎಸ್ ಕುರ್ಸುರಾ ಜಲಾಂತರ್ಗಾಮಿಯನ್ನು ಆಸಕ್ತರು ತಪ್ಪದೆ ನೋಡಬೇಕು. 1969ರಲ್ಲಿ ಸೇವೆಗೆ ಸೇರಿ, 2001ರ ಫೆಬ್ರವರಿಯಲ್ಲಿ ನಿವೃತ್ತಿಗೊಂಡು, 2002ರ ಆಗಸ್ಟ್‌ನಲ್ಲಿ ವಸ್ತುಸಂಗ್ರಹಾಲಯವಾಯಿತು. 91 ಮೀಟರ್ ಉದ್ದದ ಈ ಜಲಾಂತರ್ಗಾಮಿಯನ್ನು ನೀರಿನಿಂದ ಮೇಲಕ್ಕೆ ಎಳೆದು ಕಾಂಕ್ರೀಟ್ ಅಡಿಪಾಯದ ಮೇಲೆ ಕೂರಿಸಲಾಗಿದೆ. ನಿವೃತ್ತ ನೌಕಾಪಡೆ ಸಿಬ್ಬಂದಿಯವರೇ ಇಲ್ಲಿ ವಿವರಣೆ ನೀಡುತ್ತ ಬಂದಿದ್ದಾರೆ. ಅವರನ್ನು ಪ್ರಶ್ನಿಸಲು ಹಿಂಜರಿಯಬೇಕಿಲ್ಲ. ವಿಭಾಗದಿಂದ ವಿಭಾಗಕ್ಕೆ ದಾಟುವ ಬಾಗಿಲುಗಳು ದುಂಡನೆಯ ಕಿಂಡಿಗಳಾಗಿದ್ದು, ಬಗ್ಗಿ ಕಾಲೆತ್ತಿ ನುಸುಳಬೇಕಾಗುತ್ತದೆ. ಮಂಡಿನೋವು ಇರುವವರು, ಗರ್ಭಿಣಿಯರು ಹಾಗೂ ಇಕ್ಕಟ್ಟಿನ ಜಾಗದಲ್ಲಿ ಉಸಿರುಗಟ್ಟುವ ಭಯವಿರುವವರು ಇದನ್ನು ಮೊದಲೇ ಯೋಚಿಸಿಕೊಳ್ಳುವುದು ಒಳ್ಳೆಯದು. ಕೇರಳದ ಆಲಪ್ಪುಳದ ಕಡಲತೀರದಲ್ಲಿಯೂ 2021ರಿಂದ ನೌಕಾಪಡೆಯ ಒಂದು ಚಿಕ್ಕ ವೇಗದ ಗಸ್ತು ದೋಣಿಯಿದೆ.

ಮೇಲೆ ಹೇಳಿದ ಕಾರವಾರ, ವಿಶಾಖಪಟ್ಟಣ, ಆಲಪ್ಪುಳದ ನೌಕೆಗಳೆಲ್ಲ ನೆಲದ ಮೇಲಿವೆ ಎಂಬುದು ಗಮನಾರ್ಹ. ನೀರಿನಲ್ಲಿ ಉಳಿದ ನೌಕೆಯ ಉಕ್ಕಿನ ತಳವು ನಿರಂತರವಾಗಿ ತುಕ್ಕು ಹಿಡಿಯುತ್ತದೆ. ಕೆಲವು ವರ್ಷಗಳಿಗೊಮ್ಮೆ ಅದನ್ನು ಡ್ರೈ ಡಾಕ್‌ಗೆ ಒಯ್ದು ದುರಸ್ತಿ ಮಾಡಿಸಬೇಕು. ಈ ವೆಚ್ಚ ಭರಿಸಲು ಯಾರೂ ಮುಂದೆ ಬಾರದಿದ್ದಲ್ಲಿ ಏನಾಗುತ್ತದೆಂಬುದಕ್ಕೆ ಮೊದಲ ಐಎನ್‌ಎಸ್ ವಿಕ್ರಾಂತ್ ಸಾಕ್ಷಿ. 1961ರಲ್ಲಿ ಸೇವೆಗೆ ಸೇರಿದ ನಮ್ಮ ಮೊದಲ ವಿಮಾನವಾಹಕ ನೌಕೆ ಅದು. 1971ರಲ್ಲಿ ಬಂಗಾಳ ಕೊಲ್ಲಿಯಲ್ಲಿದ್ದು, ಅದರ ವಿಮಾನಗಳು ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರ್ ಮೇಲೆ ದಾಳಿ ನಡೆಸಿದ್ದವು. 1997ರಲ್ಲಿ ನಿವೃತ್ತಿಗೊಂಡು 2001ರಿಂದ ಮುಂಬೈನಲ್ಲಿ ತೇಲುವ ವಸ್ತುಸಂಗ್ರಹಾಲಯವಾಗಿತ್ತು. 2012ರಲ್ಲಿ ಸುರಕ್ಷತೆಯ ಕಾರಣದಿಂದ ಮುಚ್ಚಲಾಯಿತು. 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗಳಿಗೆ ಗುಜರಿಗೆ ಮಾರಾಟವಾಗಿ ಒಡೆಯಲ್ಪಟ್ಟಿತು. ಅದರ ಲೋಹದ ಒಂದಂಶ ಮೋಟಾರ್‌ಸೈಕಲ್‌ಗಳ ತಯಾರಿಕೆಗೆ ಬಳಕೆಯಾಯಿತು. 2017ರಲ್ಲಿ ನಿವೃತ್ತಿಗೊಂಡ ವಿರಾಟ್ ವಸ್ತುಸಂಗ್ರಹಾಲಯವೂ ಆಗಲಿಲ್ಲ. 2020ರಲ್ಲಿ ಗುಜರಾತಿನ ಅಲಂಗ್ ತೀರಕ್ಕೆ ಒಡೆಯಲು ಒಯ್ಯಲಾಯಿತು. 2022ರಲ್ಲಿ ಕೊಚ್ಚಿಯಲ್ಲಿ ಸೇವೆಗೆ ಸೇರಿದ ವಿಕ್ರಾಂತ್ ಹೊಸ ನೌಕೆ.

ಹಳೆಯ ವಿಕ್ರಾಂತ್‌ನ ಮೇಲೇರಿದ್ದವರು ತಾವು ತೆಗೆದ ಛಾಯಾಚಿತ್ರಗಳನ್ನು, ದಿನಾಂಕ ಮತ್ತು ನೌಕೆಯ ಯಾವ ಭಾಗವೆಂಬ ವಿವರ ಬರೆದು ಕಾಪಾಡಿಕೊಳ್ಳುವಂತೆ ಕೋರಲಾಗಿದೆ. ಆ ನೌಕೆಯ ಒಳಭಾಗವನ್ನು ಮತ್ತೆ ನೋಡುವ ಅವಕಾಶ ಯಾರಿಗೂ ಇಲ್ಲ. ಅದರಿಂದ ಹಾರುತ್ತಿದ್ದ ಸೀ ಹಾಕ್ ಮತ್ತು ಅಲಿಜೆ ಮಾದರಿಯ ವಿಮಾನಗಳನ್ನು ಮಾತ್ರ ಗೋವಾದ ನೌಕಾ ವೈಮಾನಿಕ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ವಾಸ್ಕೊ ಸಮೀಪದ ಈ ಸಂಗ್ರಹಾಲಯವು 1998ರಲ್ಲಿ ಆರಂಭವಾಗಿದ್ದು, ಕಾರವಾರದಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು.

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿನ ಹಾರ್ಟ್ಲ್‌ಪೂಲ್‌ನಲ್ಲಿರುವ ಟ್ರಿಂಕೋಮಲಿ ಎಂಬ ಹಾಯಿನೌಕೆಯು 1817ರಲ್ಲಿ ಮುಂಬೈನಲ್ಲಿ, ವಾಡಿಯಾ ಮನೆತನದ ನೌಕಾಶಿಲ್ಪಿಗಳ ಕೈಯಲ್ಲಿ, ಮಲಬಾರಿನ ತೇಗದಿಂದ ನಿರ್ಮಾಣವಾದದ್ದು. ಇನ್ನೂರು ವರ್ಷ ಕಳೆದರೂ ನೀರಿನ ಮೇಲೆಯೇ ಇದೆ. ಉಕ್ಕಿನ ವಿಕ್ರಾಂತ್‌ಗೆ ದೊರೆಯದ ಆಯುಷ್ಯ ಅದಕ್ಕೆ ಸಂದಿದೆ.

ಕರಾವಳಿಯ ಹಳೆಯ ತಾಣಗಳು

ನೌಕೆಗಳು ಉಳಿಯದಿದ್ದರೂ ಅವುಗಳನ್ನು ತಡೆಯಲು ಕಟ್ಟಿದ ಕಲ್ಲುಗಳು ಉಳಿದಿವೆ. ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿಯನ್ನು ಟಿಪ್ಪು ಸುಲ್ತಾನನು 1784ರಲ್ಲಿ, ಗುರುಪುರ ನದಿಯೊಳಗೆ ಯುದ್ಧನೌಕೆಗಳು ಪ್ರವೇಶಿಸದಂತೆ ಕಾಯಲು ಕಪ್ಪು ಕಲ್ಲಿನಿಂದ ಕಟ್ಟಿಸಿದನು. ಗೋಡೆಯ ಕಿಂಡಿಗಳಿಂದ ನೋಡಿದರೆ ಕಾವಲುಗಾರನಿಗೆ ಏನು ಕಾಣುತ್ತಿತ್ತೆಂಬುದು ಸ್ಪಷ್ಟವಾಗುತ್ತದೆ. ಹೊನ್ನಾವರವು 1510ರಲ್ಲಿ ಗೋವಾವನ್ನು ವಶಪಡಿಸಿಕೊಳ್ಳುವಂತೆ ಪೋರ್ಚುಗೀಸರ ಅಲ್ಬುಕರ್ಕ್‌ಗೆ ಸಲಹೆ ನೀಡಿದ ತಿಮ್ಮೋಜನ ನೆಲೆ. ಅದರ ಎದುರಿನ ಸಮುದ್ರದಲ್ಲಿ ಬಸವರಾಜದುರ್ಗವೆಂಬ ದ್ವೀಪಕೋಟೆಯಿದೆ. ಕುಂದಾಪುರ ಬಳಿಯ ಬಸರೂರಿಗೆ 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ದಾಳಿ ನಡೆಸಿದ್ದನು. ಇಂದು ಅಲ್ಲಿ ಬಂದರಿನ ಗದ್ದಲವಿಲ್ಲ, ದೇವಾಲಯಗಳ ಶಾಂತವಾದ ಊರು. ದ್ವೀಪಗಳಿಗೆ ಮಳೆಗಾಲದಲ್ಲಿ ದೋಣಿ ಪ್ರಯಾಣ ಅಪಾಯಕಾರಿಯಾಗಿರುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಯತ್ನಿಸತಕ್ಕದ್ದಲ್ಲ.

ಸಂದರ್ಶಕರ ಗಮನಕ್ಕೆ

ಕಾರವಾರದ ದಕ್ಷಿಣಕ್ಕೆ ಹೆದ್ದಾರಿಗೆ ಹೊಂದಿಕೊಂಡಿರುವ ಐಎನ್‌ಎಸ್ ಕದಂಬ ನೌಕಾನೆಲೆಯು ವಸ್ತುಸಂಗ್ರಹಾಲಯವಲ್ಲ. ನೌಕಾಪಡೆಯು ಪ್ರಕಟಣೆ ನೀಡಿ ಸಾರ್ವಜನಿಕರನ್ನು ಆಹ್ವಾನಿಸುವ ದಿನಗಳನ್ನು ಹೊರತುಪಡಿಸಿ ಅಲ್ಲಿಗೆ ಪ್ರವೇಶವಿಲ್ಲ. ಹೆದ್ದಾರಿಯಿಂದ ನೆಲೆಯ ಛಾಯಾಚಿತ್ರ ತೆಗೆಯುವುದು, ಡ್ರೋನ್ ಹಾರಿಸುವುದು ಕಾನೂನು ಕ್ರಮಕ್ಕೆ ಗುರಿಯಾಗಬಹುದು. ಆಹ್ವಾನದ ದಿನಗಳಲ್ಲಿ ಗುರುತಿನ ಚೀಟಿಯ ಮೂಲಪ್ರತಿಯನ್ನು ತಪ್ಪದೆ ಜೊತೆಗಿಟ್ಟುಕೊಳ್ಳಬೇಕು. ಶಾಲಾ ತಂಡಗಳು ವಿದ್ಯಾರ್ಥಿಗಳ ಪಟ್ಟಿಯೊಂದಿಗೆ ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರುಳ್ಳ ಪತ್ರವನ್ನು ತರುವುದು ಅನುಕೂಲಕರ.

ನೌಕೆಯ ನಿರ್ವಹಣೆ, ಬಣ್ಣ ಬಳಿದ ದಿನಾಂಕ, ದುರಸ್ತಿಯ ವೆಚ್ಚ ಮೊದಲಾದ ವಿವರಗಳನ್ನು ತಿಳಿಯಬಯಸುವ ನಾಗರಿಕರು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಸಂಬಂಧಿಸಿದ ಪ್ರಾಧಿಕಾರದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿ ಶುಲ್ಕ 10 ರೂಪಾಯಿ. ಉತ್ತರ ನೀಡಲು 30 ದಿನಗಳ ಅವಧಿಯಿದೆ. ರಾಜ್ಯದ ಕಚೇರಿಗಳಿಗೆ ಸಲ್ಲಿಸುವ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿ, 150 ಪದಗಳ ಮಿತಿಯಲ್ಲಿರತಕ್ಕದ್ದು. ದೇಶದ ಭದ್ರತೆಗೆ ಸಂಬಂಧಿಸಿದ ಮಾಹಿತಿಗೆ ಅಧಿನಿಯಮದಲ್ಲಿಯೇ ವಿನಾಯಿತಿ ಇರುವುದರಿಂದ ನೌಕೆಯ ಶಸ್ತ್ರಾಸ್ತ್ರಗಳ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಉತ್ತರ ದೊರೆಯದೆ ಇರಬಹುದು.

ಯಾವುದೇ ಫಲಕದಲ್ಲಿ ದಿನಾಂಕ ಅಥವಾ ಹೆಸರು ತಪ್ಪಾಗಿ ಬರೆದಿರುವುದು ಕಂಡುಬಂದಲ್ಲಿ, ಫಲಕದ ಛಾಯಾಚಿತ್ರ ಹಾಗೂ ಸರಿಯಾದ ವಿವರದ ಆಧಾರದೊಂದಿಗೆ ಸ್ಥಳದ ಆಡಳಿತಕ್ಕೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳತಕ್ಕದ್ದು.